ಹೊಗೆಯನ್ನು ಹುಟ್ಟಿದಲ್ಲೇ ಹಿಡಿಯಿರಿ

ಜುಗೂಳದ ಹೊಳೆದಂಡೆಗೆ ನಿಂತರೆ ಕೃಷ್ಣೆಯ ಆಚೆ ಮಹಾರಾಷ್ಟ್ರ. ನಮ್ಮ ಕೇರಿಯ ಹುಡುಗರು ಐಟಿಐ ಮುಗಿಸಿ ಆ ಕಡೆಗೇ ಹೋಗುತ್ತಾರೆ: ಇಚಲಕರಂಜಿ, ಶಿರೋಳಿ, ಗೋಕುಳ ಶಿರಗಾಂವ. ಕೆಲವರು ಬೆಳಗಾವಿಯ ಉದ್ಯಮಬಾಗಕ್ಕೆ. ನಿಪ್ಪಾಣಿಯ ತಂಬಾಕು ವಖಾರಗಳಲ್ಲಿ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಜರಡಿ ಹಿಡಿದ ಅವ್ವಂದಿರ ಮಕ್ಕಳು, ಮೊಮ್ಮಕ್ಕಳು ನಾವು. ಧೂಳು ನಮಗೆ ಹೊಸದಲ್ಲ. ಹೊಸದು ಮಷೀನು ಮಾತ್ರ.

ಹಬ್ಬಕ್ಕೆ ಊರಿಗೆ ಬಂದ ಗೆಳೆಯನೊಬ್ಬ ಲೇಸರಿನಿಂದ ತಗಡು ಕತ್ತರಿಸುವ ಶೆಡ್ಡಿನಲ್ಲಿದ್ದಾನೆ. ಮೂಗು ಒರೆಸಿದರೆ ಕರವಸ್ತ್ರ ಕಪ್ಪು. "ಲೇಸರ್ ಪೆಟಗಿಗೆ ಎಸಿ ಹಾಕ್ಯಾರೋ ಮಾರಾಯಾ. ಧೂಳ ಹೊಕ್ಕರ ಅದು ಕೆಡತೈತಂತ. ನನಗ ಹತ್ತು ರೂಪಾಯಿ ಮಾಸ್ಕು" ಅಂದ. ನಾವು ನಕ್ಕೆವು. ಆಮೇಲೆ ನಗು ಬರಲಿಲ್ಲ. ಮಷೀನಿನ ಉಸಿರಿಗೆ ಇರುವ ಬೆಲೆ ಮನುಷ್ಯನ ಉಸಿರಿಗೆ ಯಾಕಿಲ್ಲ?

ಹೊಗೆ ಎಳೆಯುವ ಯಂತ್ರಗಳು ಇಲ್ಲವೆಂದಲ್ಲ, ಇವೆ. ಆದರೆ ಅವನ್ನು ಆರಿಸುವವರು ಮಾಲಕ ಮತ್ತು ಡೀಲರ್. ಕುಡಿಯುವವನನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೆ ನಾವೇ ಕೇಳಬೇಕು. ಬಿ.ಎ. ಓದಿದ ನಮಗೆ ಹೊಗೆ ಎಂದರೆ ಕವಿತೆಗೆ ಸಿಗುವ ಸುಲಭದ ಪದವಾಗಿತ್ತು. ಈಗ ಅದನ್ನು ಲೆಕ್ಕದ ಹಾಗೆ ಕಲಿಯಬೇಕಾಗಿದೆ.

ಮೊದಲ ಪ್ರಶ್ನೆ: ಕತ್ತರಿಸುವುದು ಏನನ್ನು? ಹೊಗೆಗಳೆಲ್ಲ ಒಂದೇ ಅಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತವೆ. ಆ ಕ್ರೋಮಿಯಮ್ಮಿನ ಒಂದು ರೂಪ ಕ್ಯಾನ್ಸರ್ ತರುತ್ತದೆಂದು ವೈದ್ಯಲೋಕ ಒಪ್ಪಿ ಬಹಳ ಕಾಲವಾಯಿತು. ಸತುವಿನ ಲೇಪವಿರುವ ತಗಡಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ. ಪಿವಿಸಿ, ರೆಕ್ಸಿನ್ ಸುಟ್ಟರೆ ಆಮ್ಲದ ಅನಿಲ. ಅದು ಶ್ವಾಸಕೋಶವನ್ನೂ ಸುಡುತ್ತದೆ, ಮಷೀನನ್ನೂ ತಿನ್ನುತ್ತದೆ. ಅದನ್ನು ಲೇಸರಿಗೆ ಒಡ್ಡಲೇಬಾರದು.

ಎರಡನೆಯದು: ಎಳೆಯುವ ಬಾಯಿ ಎಲ್ಲಿದೆ? ಗೋಡೆಗೊಂದು ಫ್ಯಾನು ಕೂಡಿಸಿ "ಆತಲ್ಲ" ಅನ್ನುತ್ತಾರೆ. ಆಗಲಿಲ್ಲ. ಎಳೆಯುವ ಕೊಳವೆಯ ಬಾಯಿಯಿಂದ ಅದರ ಅಗಲದಷ್ಟೇ ದೂರ ಸರಿದರೂ ಎಳೆತದ ವೇಗ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೇ ಕತ್ತರಿಸುವ ಮೇಜಿನ ಕೆಳಗಿನಿಂದಲೇ ಎಳೆಯಬೇಕು, ಮಷೀನಿಗೆ ಮುಚ್ಚಿಗೆ ಇರಬೇಕು. ಹೊಗೆ ಮೂಗಿಗೆ ಬಂದ ಮೇಲೆ ಮಾಸ್ಕು ಕೊಡುವುದು, ಹೊಳೆ ಮನೆಗೆ ನುಗ್ಗಿದ ಮೇಲೆ ಬಾಗಿಲು ಹಾಕಿದಂತೆ. ಪ್ರವಾಹ ಕಂಡ ನಮ್ಮೂರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು: ಒಳಗೆ ಯಾವ ಫಿಲ್ಟರ್? ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲಿ 99.97 ಭಾಗ ಹಿಡಿಯುತ್ತದೆ, ಆದರೆ ಅನಿಲವನ್ನು ಬಿಟ್ಟುಬಿಡುತ್ತದೆ. ಅಕ್ರಿಲಿಕ್ ಕತ್ತರಿಸುವಾಗ ಬರುವ ಘಾಟಿಗೆ ಇದ್ದಿಲಿನ ಫಿಲ್ಟರ್ ಬೇಕು; ಅದಕ್ಕೆ ಸಣ್ಣ ಧೂಳು ನಿಲ್ಲದು. ಮುಂದೆ ಕಿಡಿ ಆರಿಸುವ ಪೆಟ್ಟಿಗೆ ಇಲ್ಲದಿದ್ದರೆ ಫಿಲ್ಟರಿಗೇ ಬೆಂಕಿ. ಅಲ್ಯೂಮಿನಿಯಂ ಧೂಳಂತೂ ಸಿಡಿಯುವ ಮದ್ದು. ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು.

ನಾಲ್ಕನೆಯದನ್ನು ಯಾವ ಡೀಲರನೂ ಹೇಳುವುದಿಲ್ಲ: ತುಂಬಿದ ಫಿಲ್ಟರನ್ನು ಬಿಚ್ಚಿ ಧೂಳು ಬಳಿಯುವವರು ಯಾರು? ನಮಗೆ ಗೊತ್ತು. ಮ್ಯಾನ್‌ಹೋಲಿಗೆ ಇಳಿಸುವಾಗ ಯಾರನ್ನು ಕರೆದರೋ ಇಲ್ಲಿಯೂ ಅವರನ್ನೇ ಕರೆಯುತ್ತಾರೆ. ಗಾಳಿಯ ಪೈಪು ಹಿಡಿದು ಫಿಲ್ಟರ್ ಊದಿಸಿದರೆ, ತಿಂಗಳಿಡೀ ಹಿಡಿದ ವಿಷ ಒಂದು ಗಳಿಗೆಯಲ್ಲಿ ಆ ಹುಡುಗನ ಎದೆಗೆ. ಧೂಳಿನ ಡಬ್ಬಿ ಮುಚ್ಚಿದಂತೆಯೇ ಹೊರಬರುವ, ಫಿಲ್ಟರ್ ಕಟ್ಟಿದರೆ ಮುಳ್ಳು ತೋರಿಸುವ ಯಂತ್ರಗಳಿವೆ. ದುಡ್ಡು ಜಾಸ್ತಿ, ಅಷ್ಟೇ.

ಐದನೆಯದು: ಫಿಲ್ಟರೇ ಇಲ್ಲದ ಚಿಮಣಿ ಯಾರ ಕಡೆ ತಿರುಗಿದೆ? ಶೆಡ್ಡಿನ ಹಿಂದೆ ಸಾಮಾನ್ಯವಾಗಿ ಯಾರ ಗುಡಿಸಲಿರುತ್ತವೆ, ನೀವೇ ನೋಡಿ ಬನ್ನಿ.

1948ರ ಕಾರ್ಖಾನೆ ಕಾಯಿದೆಯ 14ನೇ ಕಲಮು ಧೂಳು, ಹೊಗೆಯನ್ನು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಎಳೆಯಬೇಕೆಂದಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಂಹಿತೆ ಬಂದಿದೆ. ಕರೆಂಟಿನಲ್ಲಿ ನಡೆಯುವ ಕಡೆ ಮೊದಲು 10 ಜನರಿದ್ದರೆ ಕಾರ್ಖಾನೆ. ಈಗ 20 ಜನ ಬೇಕು. ನಮ್ಮ ಗೆಳೆಯನ ಶೆಡ್ಡಿನಲ್ಲಿ ಹನ್ನೆರಡು ಜನ. ಹನ್ನೆರಡು ಜನರ ಶ್ವಾಸಕೋಶ ಇಪ್ಪತ್ತು ಜನರದಕ್ಕಿಂತ ಗಟ್ಟಿ ಏನು?

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದರು. ವಾರದ ದುಡಿಮೆ 48 ತಾಸಿಗೆ ಇಳಿದದ್ದು ಆ ಕಾಲದಲ್ಲಿ. ತಾಸಿನ ಲೆಕ್ಕ ಅವರು ಕೇಳಿದರು. ಆ ತಾಸುಗಳಲ್ಲಿ ಕುಡಿಯುವ ಗಾಳಿಯ ಲೆಕ್ಕ ನಾವು ಕೇಳಬೇಡವೇ?

ಒಬ್ಬನೇ ಕೇಳಿದರೆ ನಾಳೆ ಕೆಲಸಕ್ಕೆ ಬರಬೇಡ ಅಂತಾರೆ. ಹನ್ನೆರಡೂ ಜನ ಕೂಡಿ ಕೇಳಬೇಕು. ಮಷೀನು ಇಳಿಯುವ ಮೊದಲೇ ಕೇಳಬೇಕು. ಹಾಸ್ಟೆಲ್ಲಿನ ಗೆಳೆಯರೇ, ನಿಮಗೆ ಇಂಗ್ಲಿಷ್ ಬರುತ್ತದೆ. ಮಷೀನಿನ ಕೈಪಿಡಿಯನ್ನು, ಫಿಲ್ಟರಿನ ಮೇಲಿನ ಚೀಟಿಯನ್ನು ನಿಮ್ಮ ಅಣ್ಣನಿಗೆ ಓದಿ ಹೇಳಿ. ಈ ಐದು ಪ್ರಶ್ನೆ ಒಂದು ಹಾಳೆಯಲ್ಲಿ ಬರೆದು ಅವನ ಕಿಸೆಯಲ್ಲಿಡಿ. ಓದಿದ್ದು ಅಷ್ಟಕ್ಕಾದರೂ ಬರಲಿ.

ಜೈಭೀಮ್.