ಜರ್ಮನಿಗೆ ಹೊರಟ ಮಕ್ಕಳೂ ಮದೀನಾದ ಪಾಠವೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳ ನಮ್ಮ ಕುಟುಂಬಗಳಿಗೆ ಪರದೇಶವೆಂದರೆ ಬಹುಕಾಲ ಸೌದಿ, ದುಬೈ, ಕುವೈತ್ ಎಂದೇ ಅರ್ಥವಾಗಿತ್ತು. ಈಗ ನರ್ಸಿಂಗ್, ಎಂಜಿನಿಯರಿಂಗ್ ಓದಿದ ಮಕ್ಕಳ ಬಾಯಲ್ಲಿ ಜರ್ಮನಿಯ ಹೆಸರು ಕೇಳಿಬರುತ್ತಿದೆ. ಭಾರತದ ಕುಶಲ ಕೆಲಸಗಾರರಿಗೆ ನೀಡುವ ವಾರ್ಷಿಕ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಆ ದೇಶ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಮೊನ್ನೆ ಅಸರ್ ನಮಾಝಿನ ನಂತರ ತಂದೆಯೊಬ್ಬರು ನಮ್ಮನ್ನು ಕೇಳಿದರು: "ಮೌಲಾನಾ, ಅಲ್ಲಿಗೆ ಹೋದ ಮಗನ ದೀನ್ ಉಳಿಯುತ್ತದೆಯೇ?"

ಪ್ರಶ್ನೆ ನ್ಯಾಯವಾದುದೇ. ಆದರೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ: ಮಗ ಆ ನೆಲದವರೊಡನೆ ಬಾಳಲು ಸಿದ್ಧನಾಗಿದ್ದಾನೆಯೇ? ಕೊಲ್ಲಿಗೆ ಹೋದವರು ಒಂದು ದಿನ ಮರಳಿಬರುವವರು. ಜರ್ಮನಿಗೆ ಹೋದವರಲ್ಲಿ ಅನೇಕರು ಅಲ್ಲಿಯೇ ಮನೆಮಾಡುವರು, ಅವರ ಮಕ್ಕಳು ಅಲ್ಲಿಯ ಶಾಲೆಗೆ ಹೋಗುವರು.

ಇದಕ್ಕೆ ತುರ್ಕಿಯ ಕಾರ್ಮಿಕರ ಚರಿತ್ರೆ ಸಾಕ್ಷಿ. 1961ರ ಒಪ್ಪಂದದಂತೆ ಅವರು ಜರ್ಮನಿಯ ಕಾರ್ಖಾನೆಗಳಿಗೆ ಹೋದರು. ಕೆಲವು ವರ್ಷ ದುಡಿದು ಹಿಂತಿರುಗುವರೆಂದು ಕರೆದವರೂ ಭಾವಿಸಿದ್ದರು, ಹೋದವರೂ ಭಾವಿಸಿದ್ದರು. 1973ರಲ್ಲಿ ನೇಮಕಾತಿ ನಿಂತಿತು; ಆದರೆ ಲಕ್ಷಾಂತರ ಜನ ಅಲ್ಲಿಯೇ ಉಳಿದು ಸಂಸಾರವನ್ನು ಕರೆಸಿಕೊಂಡರು. ಸರಕಾರ ಅವರಿಗೆ ಭಾಷೆ ಕಲಿಸುವ ಹೊಣೆ ಹೊರಲಿಲ್ಲ. 'ನಾಳೆ ಊರಿಗೆ ಹೋಗುವೆವು' ಎನ್ನುತ್ತ ಅವರಲ್ಲಿ ಹಲವರು ಕಲಿಕೆಯನ್ನು ಮುಂದೂಡಿದರು. ಇಬ್ಬರ ಮರೆವಿಗೂ ಬೆಲೆ ತೆತ್ತವರು ಮಕ್ಕಳು. ಅಲ್ಲಿ ಹುಟ್ಟಿದ ವಲಸಿಗರ ಮಕ್ಕಳಿಗೆ ಹುಟ್ಟಿನಿಂದಲೇ ಪೌರತ್ವ ಸಿಗುವ ದಾರಿ ತೆರೆದದ್ದು 2000ದಲ್ಲಿ. 600 ಗಂಟೆಗಳ ಭಾಷಾ ಪಾಠವುಳ್ಳ ತರಗತಿಗಳು ಬಂದದ್ದು 2005ರ ನಂತರ. 2024ರಿಂದ ಐದು ವರ್ಷ ನೆಲೆಸಿದವರು ಪೌರತ್ವ ಕೋರಬಹುದು. ಹಳೆಯ ಪೌರತ್ವ ಬಿಡಬೇಕೆಂದು ಜರ್ಮನಿ ಈಗ ಕೇಳುವುದಿಲ್ಲ. ಆದರೆ ನಮ್ಮ ದೇಶದ ಕಾನೂನು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಹೊರಡುವ ಮುನ್ನವೇ ಮನೆಯವರು ಕುಳಿತು ಯೋಚಿಸಬೇಕಾದ ಮಾತಿದು.

ಪರಭಾಷೆ ಕಲಿತರೆ ಧರ್ಮ ಸಡಿಲಗೊಳ್ಳುವುದೇ? ಪ್ರವಾದಿವರ್ಯರ(ಸ) ಸೂಚನೆಯಂತೆ ಝೈದ್ ಬಿನ್ ಸಾಬಿತ್(ರ) ಸುರ್ಯಾನಿ ಭಾಷೆಯನ್ನು ಕಲಿತರು. ಪವಿತ್ರ ಕುರ್‌ಆನಿನ ಕ್ರೋಡೀಕರಣದ ಹೊಣೆ ಹೊತ್ತವರೂ ಅವರೇ. ನಮ್ಮ ನಾಡಿನಲ್ಲೇ ನೋಡಿ: 1853ರಲ್ಲಿ ಬಂದ ಜರ್ಮನ್ ಪಾದ್ರಿ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟರು. ಅವರು ತಮ್ಮ ಮತವನ್ನು ಬಿಡಲಿಲ್ಲ, ನಾವು ಅವರ ಮತವನ್ನು ಒಪ್ಪಬೇಕಾಗಿಯೂ ಇಲ್ಲ. ಆದರೂ ಕನ್ನಡಿಗರು ಅವರನ್ನು ಪರಕೀಯರೆಂದು ಎಣಿಸಲಿಲ್ಲ. ಮದ್ರಸಾದಿಂದ ಹೊರಬಂದು ನಾವು ಕನ್ನಡ ಬಿ.ಎ. ಓದಲು ಹೊರಟಾಗ 'ಇದು ನಿನಗೇಕೆ' ಎಂದ ಹಿರಿಯರಿದ್ದರು. ಮುಂದೆ ತಮ್ಮ ಜಮೀನಿನ ಅರ್ಜಿ ಬರೆಸಲು ಅವರೇ ನಮ್ಮ ಬಾಗಿಲಿಗೆ ಬಂದರು.

ಹಿಜ್ರತ್‌ನ ಒಂದು ಘಟನೆಯನ್ನು ನೆನೆಯೋಣ. ಬರಿಗೈಯಲ್ಲಿ ಮದೀನಾಕ್ಕೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನು ಕೊಡಮಾಡಿದರು. ಅವರು ಅದಕ್ಕೆ ಬರಕತ್ ಹಾರೈಸಿ, ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ಬಾಗಿಲು ತೆರೆಯುವುದು ಊರವರ ಧರ್ಮ. ದುಡಿದು ಊರಿಗೆ ಉಪಯುಕ್ತನಾಗುವುದು ಬಂದವನ ಧರ್ಮ.

ಈಗ ನಮ್ಮನ್ನೇ ಕೇಳಿಕೊಳ್ಳೋಣ. ಮಳೆ ಕೈಕೊಟ್ಟ ವರ್ಷ ಜಗಳೂರಿನ ಬಡವರು ಗುಳೆ ಹೋಗುತ್ತಾರೆ. ನಮ್ಮ ಊರುಗಳಿಗೂ ಗಾರೆ ಕೆಲಸಕ್ಕೆ, ತೋಟದ ಕೆಲಸಕ್ಕೆ ದೂರದ ರಾಜ್ಯಗಳವರು ಬರುತ್ತಾರೆ. ಅವರ ಹೆಸರು ನಮಗೆ ಗೊತ್ತೇ? ಅವರ ಮಗು ಶಾಲೆಗೆ ಸೇರಿದೆಯೇ ಎಂದು ವಿಚಾರಿಸಿದ್ದೇವೆಯೇ? ಮ್ಯೂನಿಕ್‌ನಲ್ಲಿ ನಮ್ಮ ಮಗನಿಗೆ ಬಾಡಿಗೆ ಮನೆ ಸಿಗಲೆಂದು ದುಆ ಮಾಡುವ ಕೈಗಳು, ಇಲ್ಲಿ ಪರವೂರಿನವನಿಗೆ ಬಾಗಿಲು ಮುಚ್ಚಬಾರದು.

ಆ ತಂದೆಗೆ ನಾವು ಹೇಳಿದ್ದಿಷ್ಟು: ಮಗನಿಗೆ ನಮಾಝ್ ಕಲಿಸಿದ್ದೀರಿ, ಇನ್ನು ಆ ದೇಶದ ಭಾಷೆಯನ್ನೂ ಕಲಿಸಿ ಕಳುಹಿಸಿ. ದೀನ್ ಅವನ ಎದೆಯಲ್ಲಿರಲಿ, ನೆರೆಯವರ ಕ್ಷೇಮ ವಿಚಾರಿಸುವ ಮಾತು ನಾಲಿಗೆಯ ಮೇಲಿರಲಿ. ಹೋದವರನ್ನೂ ಬಂದವರನ್ನೂ ಅಲ್ಲಾಹನು ಕಾಪಾಡಲಿ, ಆಮೀನ್.