ತಾಬೋದಲ್ಲಿ ಹತ್ತೇ ನಿಮಿಷ

ಕಳೆದ ಸೆಮ್ ರಜೆಯಲ್ಲಿ ನಾವು ಆರು ಜನ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿದ್ವಿ. ಪ್ಯಾಕೇಜ್ ಹೆಸರು ‘ಕಲ್ಚರಲ್ ಟ್ರೆಕ್’. ಲಾಂಗ್ಜಾ, ಕೋಮಿಕ್, ದೇಮುಲ್, ಲ್ಹಾಲುಂಗ್, ಧಂಕರ್ ಅಂತ ಊರಿಂದ ಊರಿಗೆ ನಡಿಗೆ, ರಾತ್ರಿ ಹಳ್ಳಿಯವರ ಮನೆಯಲ್ಲೇ ಊಟ, ನಿದ್ದೆ. ಟ್ರೆಕ್ ಸೂಪರ್, ಎರಡು ಮಾತಿಲ್ಲ. ನನ್ನ ತಕರಾರು ಆ ‘ಕಲ್ಚರಲ್’ ಅನ್ನೋ ಪದದ ಬಗ್ಗೆ.

ಕೊನೆಯ ದಿನ ತಾಬೋ. ಕ್ರಿ.ಶ. 996ರಲ್ಲಿ ಕಟ್ಟಿದ ಬೌದ್ಧ ಮಠ. ಹೊರಗಿನಿಂದ ಬರೀ ಮಣ್ಣಿನ ಗೋಡೆ. ಸಿವಿಲ್ ಬ್ರಾಂಚಿನವನಾಗಿ ಹೇಳ್ತೀನಿ, ಆ ಗೋಡೆಗಳು 1975ರ ಕಿನ್ನೌರ್ ಭೂಕಂಪವನ್ನೂ ದಾಟಿ ನಿಂತಿವೆ. ನಮ್ಮ ಹಾಸ್ಟೆಲ್ ಒಂದು ಮಳೆಗೇ ಸೋರುತ್ತೆ. ಒಳಗೆ ಫೋಟೋ ತೆಗೆಯೋ ಹಾಗಿಲ್ಲ. ಅಷ್ಟೇ, ನಮ್ಮ ಗ್ಯಾಂಗ್ ಹತ್ತು ನಿಮಿಷದಲ್ಲಿ ಹೊರಗೆ!

ಟೋಪಿ ಮರೆತೆ ಅಂತ ನಾನೊಬ್ಬನೇ ವಾಪಸ್ ಹೋದೆ. ಆ ಕತ್ತಲೆಗೆ ಕಣ್ಣು ಹೊಂದ್ಕೊಳ್ಳೋಕೇ ಹತ್ತು ನಿಮಿಷ ಬೇಕು. ಆಮೇಲೆ ಒಂದೊಂದಾಗಿ ಕಂಡವು, ಗೋಡೆಯಿಂದ ಹೊರಬಂದು ಗಾಳಿಯಲ್ಲಿ ಕೂತ ಹಾಗಿರೋ 30ಕ್ಕೂ ಹೆಚ್ಚು ಮೂರ್ತಿಗಳು, ಅವುಗಳ ಕೆಳಗೆ ಸಾಲುಸಾಲು ಚಿತ್ರಗಳು. ಮೊದಲ ಸಲ ಬಂದಾಗ ಇದ್ಯಾವುದೂ ಕಂಡೇ ಇರಲಿಲ್ಲ.

ಅಲ್ಲಿದ್ದ ಲಾಮಾ ಒಬ್ಬರು ಯಾವ ಊರು ಅಂತ ಹಿಂದಿಯಲ್ಲಿ ಕೇಳಿದ್ರು. ಕರ್ನಾಟಕ ಅಂದೆ. “ಹೌದಾ? ಊಟ ಆಯ್ತಾ?” ಅಂದ್ರು, ಕನ್ನಡದಲ್ಲಿ! ಬೈಲುಕುಪ್ಪೆಯ ಮಠದಲ್ಲಿ ಒಂಬತ್ತು ವರ್ಷ ಓದಿದ್ರಂತೆ. ನಮ್ಮೂರು ಹುಣಸೂರು, ಬೈಲುಕುಪ್ಪೆಗೆ ಬಸ್ಸಲ್ಲಿ ಸುಮಾರು ಒಂದು ಗಂಟೆ. ಗೋಲ್ಡನ್ ಟೆಂಪಲ್‌ಗೆ ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ. 1961ರಿಂದ ಅಲ್ಲಿ ನೆಲೆಸಿರೋ ಟಿಬೆಟನ್ನರಲ್ಲಿ ಒಬ್ಬರನ್ನೂ ನಾನು ಮಾತಾಡಿಸಿಲ್ಲ. ಸೆಲ್ಫಿ, ಮೊಮೊ, ವಾಪಸ್. “ಅಲ್ಲಿ ಏನೇನು ನೋಡಿದೀರಾ?” ಅಂತ ಅವರು ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ.

ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಹೋಮ್‌ಸ್ಟೇ ದುಡ್ಡು ಆ ಹಳ್ಳಿಗಳಿಗೆ ಬೇಕು. (ಲಾಂಗ್ಜಾದ ಫಾಸಿಲ್ ಮಾತ್ರ ಜೇಬಿಗಿಳಿಸಬೇಡಿ, ಪ್ಲೀಸ್.) ಆದ್ರೆ ಐದು ದಿನಕ್ಕೆ ಏಳು ಮಠ ತೋರಿಸೋ ಪ್ಯಾಕೇಜ್‌ಗಿಂತ ಎರಡೇ ಮಠ, ಪ್ರತಿಯೊಂದಕ್ಕೂ ಅರ್ಧ ದಿನ ಅನ್ನೋದನ್ನ ಆರಿಸ್ಕೊಳ್ಳಿ. ಅಂಥ ಪ್ಯಾಕೇಜ್ ಇಲ್ಲ ಅಂದ್ರೆ ಕೇಳಿ ಮಾಡಿಸ್ಕೊಳ್ಳಿ. ನಾವು ಕೇಳೋದೇ ಎತ್ತರ ಎಷ್ಟು, ನೆಟ್‌ವರ್ಕ್ ಸಿಗುತ್ತಾ ಅಂತ. ಅವರೂ ಅದನ್ನೇ ಮಾರ್ತಾರೆ.

ಮುಂದಿನ ಭಾನುವಾರ ಬೈಲುಕುಪ್ಪೆಗೆ ಹೋಗ್ತಿದೀನಿ. ಬರೀ ಬಸ್ ಚಾರ್ಜು. ಬರೋರು ಹೇಳಿ.