ಸೈಕಲ್ ಟೆಸ್ಟ್ ಇರಲಿ, ರ‍್ಯಾಂಕ್ ಪಟ್ಟಿ ಬೇಡ

ಲ್ಯಾಬ್ ಡೈರಿ, ಭಾಗ 6 🚲

ಹೋದ ತಿಂಗಳು ನಮ್ಮ ಕ್ಲಾಸಲ್ಲಿ ಸೈಕಲ್ ಟೆಸ್ಟ್ ಆಯ್ತು. ಸಂಜೆ ಹೊತ್ತಿಗೆ ಫಲಿತಾಂಶ ಗ್ರೂಪಿಗೆ ಬಿತ್ತು, ರ‍್ಯಾಂಕ್ ಸಮೇತ. ಕೊನೆಯಿಂದ ಎರಡನೇ ಹೆಸರು ನನ್ನ ಗೆಳತಿಯದ್ದು. ಅವತ್ತೇ ಓಟದ ತಂಡದಿಂದ ಹೆಸರು ವಾಪಸ್ ತಗೊಂಡ್ಳು. "ನನ್ನ ಸ್ಟ್ಯಾಮಿನಾ ಇಷ್ಟೇ ಕಣೇ" ಅಂದ್ಳು.

ಆ ಪಟ್ಟಿ ಹಾಕಿದ್ದು ತಪ್ಪು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

1954ರಲ್ಲಿ ಸ್ವೀಡನ್ನಿನ ಆಸ್ಟ್ರಾಂಡ್ ಮತ್ತು ರೈಮಿಂಗ್ ಕೊಟ್ಟ ವಿಧಾನ ಇದು. ನಿಂತಲ್ಲೇ ಇರೋ ಸೈಕಲ್ಲನ್ನ ಒಂದೇ ಭಾರದಲ್ಲಿ, ನಿಮಿಷಕ್ಕೆ 50 ಸುತ್ತಿನಂತೆ, 6 ನಿಮಿಷ ತುಳೀಬೇಕು. ಕೊನೆಯ ಎರಡು ನಿಮಿಷದ ಹೃದಯ ಬಡಿತ ನೋಡ್ತಾರೆ. ಅಷ್ಟೇ ಭಾರಕ್ಕೆ ಬಡಿತ ಕಡಿಮೆ ಇದ್ದಷ್ಟೂ ದೇಹದ ಆಮ್ಲಜನಕ ಬಳಸೋ ಸಾಮರ್ಥ್ಯ ಜಾಸ್ತಿ ಅನ್ನೋದು ಲೆಕ್ಕ. ಸುಸ್ತಾಗಿ ಬೀಳೋ ತನಕ ಓಡಿಸಬೇಕಿಲ್ಲ, ಮುಖಕ್ಕೆ ಮಾಸ್ಕ್ ಬೇಡ, ದುಬಾರಿ ಯಂತ್ರ ಬೇಡ. ಜಾಣ ಉಪಾಯ, ಒಪ್ಕೋತೀನಿ.

ಆದ್ರೆ ಗಮನಿಸಿ: ಇಲ್ಲಿ ಆಮ್ಲಜನಕವನ್ನ ಯಾರೂ ಅಳೆದಿಲ್ಲ. ಬಡಿತ ನೋಡಿ ಅಂದಾಜು ಮಾಡಿದ್ದು. ಅದರಲ್ಲೂ ನಮ್ಮ ಗರಿಷ್ಠ ಬಡಿತವನ್ನ ವಯಸ್ಸಿನಿಂದ ಊಹಿಸ್ತೀವಿ, 20 ವರ್ಷಕ್ಕೆ 200 ಅಂತ. ಒಬ್ಬರದ್ದು ನಿಜಕ್ಕೂ 188 ಇರಬಹುದು, ಇನ್ನೊಬ್ಬರದ್ದು 210. ಆಗ 188 ಇರೋರಿಗೆ ಪುಕ್ಕಟೆ ಮಾರ್ಕ್ಸು, 210 ಇರೋರಿಗೆ ಮೋಸ. ಲೆಕ್ಕ ನಿಜಕ್ಕಿಂತ ಶೇ. 10ರಷ್ಟು ಆಚೀಚೆ ಆಗೋದು ಮಾಮೂಲು. ನಮ್ಮ ಪಟ್ಟಿಯಲ್ಲಿ ಹತ್ತನೆಯವರಿಗೂ ಇಪ್ಪತ್ತನೆಯವರಿಗೂ ಅಷ್ಟು ವ್ಯತ್ಯಾಸವೇ ಇರಲಿಲ್ಲ!

ಇನ್ನು ಕಾಫಿ, ಸೆಕೆ, ನಿದ್ದೆಗೆಟ್ಟ ರಾತ್ರಿ, ಸುತ್ತ ನಿಂತು ನೋಡೋ ಕ್ಲಾಸು: ಇವೆಲ್ಲ ಬಡಿತ ಏರಿಸ್ತವೆ. ಗೆಳತಿಗೆ ಅವತ್ತು ಈ ನಾಲ್ಕೂ ಇದ್ವು. ಬಡಿತ 162 ಬಂತು. ಎರಡು ವಾರ ಬಿಟ್ಟು ಬೆಳಿಗ್ಗೆ, ನಾವಿಬ್ಬರೇ ಇದ್ದಾಗ, ಅದೇ ಸೈಕಲ್, ಅದೇ ಭಾರ: 149. ಎರಡು ವಾರ ಅವಳು ಓಡಿಯೇ ಇರಲಿಲ್ಲ. ಹಾಗಾದ್ರೆ ಮೊದಲ ಸಲ ನಾವು ಅಳೆದಿದ್ದು ಏನನ್ನ?

ಈ ಟೆಸ್ಟನ್ನ ನಿಮ್ಮ ಜೊತೆ ನಿಮ್ಮನ್ನೇ ಹೋಲಿಸೋಕೆ ಬಳಸಿ. ಅದೇ ಸೈಕಲ್, ಸೀಟಿನ ಎತ್ತರ ಅದೇ, ಹೊತ್ತೂ ಅದೇ ಇರಲಿ. ಮೂರು ತಿಂಗಳ ಅಭ್ಯಾಸದ ನಂತರ ಬಡಿತ ಇಳಿದಿದ್ರೆ ಖುಷಿಪಡಿ. ಪಕ್ಕದವರ ನಂಬರ್ ಪಕ್ಕದವರಿಗಿರಲಿ.

ಮುಂದೆ ಕ್ಲಾಸ್ ತಗೊಳ್ಳೋರು ನಾವೇ ತಾನೇ? ಅಂಥ ಪಟ್ಟಿ ನಮ್ಮ ಕೈಯಿಂದ ಹೋಗದಿರಲಿ.

ಗೆಳತಿ ಮತ್ತೆ ಹೆಸರು ಕೊಟ್ಟಿಲ್ಲ, ಕೊನೇ ದಿನ ಶುಕ್ರವಾರ. ಇದನ್ನ ಓದ್ತಿದ್ರೆ, ಕೊಡೇ ಮಾರಾಯ್ತಿ. 🙏